ವೇದಿಕೆಯ ಮೇಲೆ ನಾಟಕ, ಠಾಣೆಯಲ್ಲಿ ದೂರು: ಕಲೆಯ ಪ್ರತಿಭಟನೆ ಫಲ ನೀಡುವುದೇ?

ನಮ್ಮ ವರದಿಗಾರರಿಂದ

ಬಸವಕಲ್ಯಾಣ/ಹುಮನಾಬಾದ್: ಶಾಲೆಯ ವೇದಿಕೆಯ ಮೇಲೆ ಮಕ್ಕಳು ಆಡಿದ ಕೆಲವೇ ನಿಮಿಷಗಳ ನಾಟಕ ರಾಜದ್ರೋಹವಾಗಬಲ್ಲದೇ? ಈ ಪ್ರಶ್ನೆಗೆ ಖಚಿತ ಉತ್ತರ ಪಡೆಯಲು ಬೀದರ್ ಜಿಲ್ಲೆ ಸುಮಾರು ಮೂರೂವರೆ ವರ್ಷ ಕಾಯಬೇಕಾಯಿತು. 2020ರ ಜನವರಿ 21ರಂದು ಬೀದರ್ ನಗರದ ಶಾಹೀನ್ ಶಾಲೆಯಲ್ಲಿ ಪ್ರಾಥಮಿಕ ತರಗತಿಗಳ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆ ಹಾಗೂ ರಾಷ್ಟ್ರೀಯ ಪೌರತ್ವ ನೋಂದಣಿಯನ್ನು ಟೀಕಿಸುವ ನಾಟಕವೊಂದನ್ನು ಆಡಿದರು. ಅದರ ದೃಶ್ಯ ಫೇಸ್‌ಬುಕ್‌ಗೆ ಏರಿತು. ಜನವರಿ 26ರಂದು ದೂರು ದಾಖಲಾಯಿತು. 30ರಂದು ಶಾಲೆಯ ಮುಖ್ಯ ಶಿಕ್ಷಕಿ ಹಾಗೂ ನಾಟಕದಲ್ಲಿ ಪಾತ್ರ ವಹಿಸಿದ್ದ ಬಾಲಕಿಯೊಬ್ಬಳ ತಾಯಿ ಬಂಧನಕ್ಕೊಳಗಾದರು. ಪ್ರಧಾನಿಯ ಕುರಿತು ಮಗು ಆಡಿದ ಒಂದು ಮಾತು, ಅದರಲ್ಲಿ ಬಂದ ಚಪ್ಪಲಿಯ ಪ್ರಸ್ತಾಪ, ಇವೇ ಪ್ರಕರಣದ ತಿರುಳು.

ನಂತರ ನಡೆದುದನ್ನು ಓದುಗರು ಪತ್ರಿಕೆಗಳಲ್ಲಿ ಓದಿ ಬಲ್ಲರು. ಪೊಲೀಸರು ಹಲವು ಬಾರಿ ಶಾಲೆಗೆ ಬಂದು ಮಕ್ಕಳನ್ನೇ ವಿಚಾರಣೆಗೊಳಪಡಿಸಿದರು. ಇಬ್ಬರು ಮಹಿಳೆಯರೂ ಎರಡು ವಾರಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದು, ಫೆಬ್ರುವರಿ 14ರಂದು ಜಿಲ್ಲಾ ನ್ಯಾಯಾಲಯದಿಂದ ಜಾಮೀನು ಪಡೆದರು. ಮರುತಿಂಗಳು ಆಡಳಿತ ಮಂಡಳಿಯವರಿಗೆ ನಿರೀಕ್ಷಣಾ ಜಾಮೀನು ನೀಡುವಾಗ ಅದೇ ನ್ಯಾಯಾಲಯ, ನಾಟಕದಿಂದ ಸಮಾಜದಲ್ಲಿ ಯಾವ ಅಸಾಮರಸ್ಯವೂ ಉಂಟಾಗಿಲ್ಲ ಎಂಬ ಅಭಿಪ್ರಾಯಕ್ಕೆ ಬಂದಿತು. ಸಮವಸ್ತ್ರದಲ್ಲಿ, ಆಯುಧ ಸಹಿತರಾಗಿ ಪೊಲೀಸರು ಮಕ್ಕಳ ಎದುರು ಕುಳಿತ ಚಿತ್ರಗಳನ್ನು ನೋಡಿದ ಹೈಕೋರ್ಟಿನ ವಿಭಾಗೀಯ ಪೀಠ 2021ರ ಆಗಸ್ಟ್‌ನಲ್ಲಿ, ಇದು ಮಕ್ಕಳ ಹಕ್ಕುಗಳ ಗಂಭೀರ ಉಲ್ಲಂಘನೆ ಎಂದಿತು. ಕೊನೆಗೆ 2023ರ ಜೂನ್ 14ರಂದು ಹೈಕೋರ್ಟಿನ ಕಲಬುರಗಿ ಪೀಠ ಆಡಳಿತ ಮಂಡಳಿಯವರ ವಿರುದ್ಧದ ಪ್ರಕರಣವನ್ನು ರದ್ದುಪಡಿಸಿತು. ಹಿಂಸೆಗೆ ಪ್ರಚೋದಿಸುವ ಮಾತು ನಾಟಕದಲ್ಲಿ ಇರಲಿಲ್ಲ, ಆದ್ದರಿಂದ ರಾಜದ್ರೋಹದ ಆರೋಪ ನಿಲ್ಲದು ಎಂಬುದು ತೀರ್ಪಿನ ಸಾರ.

ಪತ್ರಿಕೆಗಳು ಆಗ ‘ದೇಶದ್ರೋಹ’ ಎಂದೇ ಬರೆದವು. ಕಾನೂನಿನ ಮಾತು ‘ರಾಜದ್ರೋಹ’. ಇವೆರಡರ ನಡುವಿನ ಅಂತರ ಸಣ್ಣದಲ್ಲ. ದೇಶವೂ ಸರ್ಕಾರವೂ ಒಂದೇ ಎಂಬ ಭಾವನೆ ಹುಟ್ಟುವುದು ಇಂತಹ ಸಡಿಲ ಪದಬಳಕೆಯಿಂದಲೇ.

ಇಷ್ಟೆಲ್ಲ ಆದ ಬಳಿಕವೂ ಉಳಿಯುವ ಪ್ರಶ್ನೆ ಬೇರೆಯದು. ಆ ನಾಟಕದಿಂದ ಏನಾಯಿತು? ಕಾಯ್ದೆ ನಿಲ್ಲಲಿಲ್ಲ. 2024ರ ಮಾರ್ಚ್ 11ರಂದು ಅದರ ನಿಯಮಗಳೂ ಪ್ರಕಟವಾದವು. ಹಾಗಾದರೆ ಕುಣಿತ, ಹಾಡು, ವೇಷ, ನಾಟಕ, ಅಣಕು ಮೆರವಣಿಗೆಗಳೆಲ್ಲ ರಾಜಕೀಯ ಪ್ರತಿಭಟನೆಯಾಗಿ ವ್ಯರ್ಥವೇ? ಈ ಪ್ರಶ್ನೆಯನ್ನು ಕೇಳಲು ಬೀದರ್ ಜಿಲ್ಲೆಯ ಬಸವಕಲ್ಯಾಣ ಹಾಗೂ ಹುಮನಾಬಾದ್‌ಗಿಂತ ಸೂಕ್ತ ಊರುಗಳು ರಾಜ್ಯದಲ್ಲಿ ವಿರಳ. ಒಂದು ಊರು ನಾಟಕಕಾರರಿಗೆ ವಸ್ತುವಾಗಿದೆ. ಇನ್ನೊಂದು, ಎರಡು ಹೆದ್ದಾರಿಗಳು ಕೂಡುವಲ್ಲಿ ನಿಂತು ನಾಲ್ಕು ಭಾಷೆಗಳ ಜನರನ್ನು ದಿನವೂ ಎದುರುಗೊಳ್ಳುತ್ತದೆ.

ಬಹುರೂಪಿಯ ಊರು

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯುವಾಗ ನಾವು ವಚನ, ಕಾಯಕ, ದಾಸೋಹಗಳನ್ನು ಹೇಳುತ್ತೇವೆ. ಶರಣರ ಪಟ್ಟಿಯಲ್ಲಿ ಕಲಾವಿದರು ಎಷ್ಟು ಮಂದಿ ಎಂಬುದನ್ನು ಗಮನಿಸುವುದು ಕಡಿಮೆ. ಬಹುರೂಪಿ ಚೌಡಯ್ಯ ವೇಷ ಕಟ್ಟಿ ಬದುಕಿದವನು. ನಗೆಯ ಮಾರಿತಂದೆಯ ಕಾಯಕ ಜನರನ್ನು ನಗಿಸುವುದು. ಢಕ್ಕೆಯ ಬೊಮ್ಮಣ್ಣ ಢಕ್ಕೆ ಬಾರಿಸಿದವನು. ಊರೂರು ಅಲೆದು ಪ್ರದರ್ಶನ ನೀಡುವವರು ಸಮಾಜದ ಅಂಚಿನವರು. ಅರಮನೆಯ ಕಲಾವಿದರಿಗೆ ಸಿಗುವ ಮನ್ನಣೆ ಅವರಿಗೆ ಇರಲಿಲ್ಲ. ಅಂಥವರು ಮಂತ್ರಿಯಾಗಿದ್ದ ಬಸವಣ್ಣನೊಂದಿಗೆ ಸಮಾನರಾಗಿ ಕುಳಿತರು ಎಂಬುದೇ ಅಂದಿನ ರಾಜಕೀಯ ಘಟನೆ. ಇಲ್ಲಿ ಕಲೆ ಪ್ರತಿಭಟನೆಯ ಸಾಧನವಾಗಿತ್ತು ಎನ್ನುವುದಕ್ಕಿಂತ, ಕಲಾವಿದ ಕುಳಿತ ಜಾಗವೇ ಪ್ರತಿಭಟನೆಯಾಗಿತ್ತು ಎನ್ನುವುದು ಸರಿ.

ಪ್ರದರ್ಶನ ಪ್ರಭುತ್ವಕ್ಕೂ ಗೊತ್ತಿದ್ದ ವಿದ್ಯೆ. ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ಸಮಗಾರ ಮೂಲದ ಹರಳಯ್ಯನ ಮಗನಿಗೆ ಕೊಟ್ಟು ಮದುವೆ ಮಾಡಿದ್ದಕ್ಕಾಗಿ ಬಿಜ್ಜಳ ವಿಧಿಸಿದ್ದು ಎಳೆಹೂಟೆಯ ಶಿಕ್ಷೆ ಎಂದು ಪರಂಪರೆ ಹೇಳುತ್ತದೆ. ಊರ ಬೀದಿಗಳಲ್ಲಿ ಜನ ನೋಡುವಂತೆ ಎಳೆಸಿ ಕೊಲ್ಲುವುದು. ಸೆರೆಮನೆಯ ಮರೆಯಲ್ಲಿ ಮುಗಿಸಬಹುದಾಗಿದ್ದ ಕೊಲೆಯನ್ನು ಬೀದಿಗೆ ತಂದದ್ದು ನೋಡುವವರಿಗಾಗಿ. ಬೀದಿ ನಾಟಕ ಎಂಬ ಪದಕ್ಕೆ ಇಂಥದೊಂದು ಕ್ರೂರ ಪೂರ್ವಜನೂ ಇದ್ದಾನೆ.

ಈ ಕಥೆಯನ್ನು ಆಧುನಿಕ ಕನ್ನಡ ರಂಗಭೂಮಿ ಮತ್ತೆ ಮತ್ತೆ ಎತ್ತಿಕೊಂಡಿದೆ. ಪಿ. ಲಂಕೇಶರ ‘ಸಂಕ್ರಾಂತಿ’ 1971ರಲ್ಲಿ, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ 1986ರಲ್ಲಿ, ಗಿರೀಶ ಕಾರ್ನಾಡರ ‘ತಲೆದಂಡ’ 1990ರಲ್ಲಿ ಬಂದವು. ಮಂಡಲ್ ವರದಿ ಹಾಗೂ ಮಂದಿರ ಚಳವಳಿಗಳ ಕಾವಿನಲ್ಲಿ ಬರೆದ ನಾಟಕ ‘ತಲೆದಂಡ’ ಎಂಬುದನ್ನು ಕಾರ್ನಾಡರೇ ಹೇಳಿದ್ದಾರೆ. ಅದಕ್ಕೆ 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಮಹಾಚೈತ್ರ’ದ ಪಾಲಿಗೆ ಬಂದದ್ದು ಬೇರೆ. ರಂಗದ ಮೇಲೆ ಇದ್ದಷ್ಟು ದಿನ ಸುಮ್ಮನಿದ್ದವರು, 1990ರ ದಶಕದ ಮಧ್ಯಭಾಗದಲ್ಲಿ ಅದು ಪಠ್ಯವಾದಾಗ ಬೀದಿಗಿಳಿದರು, ನಿಷೇಧಕ್ಕೆ ಒತ್ತಾಯಿಸಿದರು. ನಾಟಕವನ್ನು ಸಭಾಂಗಣದ ಇನ್ನೂರು ಮುನ್ನೂರು ಜನ ನೋಡಿದರೆ ಯಾರಿಗೂ ತೊಂದರೆಯಿಲ್ಲ. ಅದೇ ತರಗತಿಗೆ ಹೋದರೆ, ಫೇಸ್‌ಬುಕ್‌ಗೆ ಹೋದರೆ ಗಲಾಟೆ. ಶಾಹೀನ್ ಶಾಲೆಯ ಪ್ರಕರಣದಲ್ಲೂ ಹೈಕೋರ್ಟ್ ಗಮನಿಸಿದ್ದು ಇದನ್ನೇ: ನಾಟಕ ನಡೆದದ್ದು ಶಾಲೆಯ ಆವರಣದೊಳಗೆ, ಸಾರ್ವಜನಿಕರಿಗೆ ತಿಳಿದದ್ದು ಅದನ್ನು ಜಾಲತಾಣಕ್ಕೆ ಏರಿಸಿದ ಮೇಲೆ.

ಕಾರ್ನಾಡರ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. 2018ರ ಸೆಪ್ಟೆಂಬರ್ 5ರಂದು, ಗೌರಿ ಲಂಕೇಶ್ ಹತ್ಯೆಯಾಗಿ ವರ್ಷ ತುಂಬಿದ ದಿನ, ಬೆಂಗಳೂರಿನ ಸಭೆಗೆ ಅವರು ಬಂದಾಗ ಮೂಗಿನಲ್ಲಿ ಆಮ್ಲಜನಕದ ನಳಿಕೆ, ಕೊರಳಲ್ಲಿ ‘ನಾನೂ ನಗರ ನಕ್ಸಲ್’ ಎಂಬರ್ಥದ ಇಂಗ್ಲಿಷ್ ಫಲಕ. ‘ತಲೆದಂಡ’ ಬರೆದಾಗ ಪ್ರಶಸ್ತಿ ಕೊಟ್ಟ ದೇಶದಲ್ಲಿ, ಆ ಫಲಕ ಧರಿಸಿದ್ದಕ್ಕೆ ಅವರ ಮೇಲೆ ಪೊಲೀಸರಿಗೆ ದೂರು ಹೋಯಿತು. ಸಂಭಾಷಣೆಯಿಲ್ಲದ, ಒಬ್ಬನೇ ನಟನ, ಕೆಲವು ನಿಮಿಷಗಳ ಆ ಪ್ರದರ್ಶನ ಮೂರು ಅಂಕಗಳ ನಾಟಕಕ್ಕಿಂತ ಬೇಗ ಸಿಟ್ಟು ತರಿಸಿತು.

ನಿಜಾಮನ ಕಾಲದ ನೆಪಗಳು

ಸಭೆ ನಡೆಸುವುದೇ ಅಪರಾಧವಾದಾಗ ಜನ ಹಬ್ಬ ನಡೆಸುತ್ತಾರೆ. 1948ರ ಸೆಪ್ಟೆಂಬರ್‌ವರೆಗೆ ಬೀದರ್ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. 1920ರ ದಶಕದ ಕೊನೆಯಲ್ಲಿ ಬಂದ ‘ಗಸ್ತಿ ನಿಶಾನ್ 53’ ಎಂಬ ಆದೇಶದಂತೆ ಸಾರ್ವಜನಿಕ ಸಭೆಗೆ ಮುನ್ನವೇ ಅಧಿಕಾರಿಗಳ ಅನುಮತಿ ಬೇಕಿತ್ತು. ಹೀಗಾಗಿ ಗಣೇಶೋತ್ಸವ, ಭಜನೆ, ಕೀರ್ತನೆ, ವಾಚನಾಲಯದ ವಾರ್ಷಿಕೋತ್ಸವಗಳೇ ರಾಜಕೀಯ ಮಾತಿನ ತಾಣಗಳಾದವು. ಕೀರ್ತನಕಾರ ಕಂಸನನ್ನು ಬೈದರೆ ಯಾರನ್ನು ಬೈಯುತ್ತಿದ್ದಾನೆಂದು ಕೇಳುಗರಿಗೆ ತಿಳಿಯುತ್ತಿತ್ತು. ಬರೆದುಕೊಳ್ಳಲು ಬಂದ ಅಧಿಕಾರಿಗೂ ತಿಳಿಯುತ್ತಿತ್ತು, ಆದರೆ ಕಂಸನನ್ನು ಬೈದದ್ದಕ್ಕೆ ಯಾರ ಮೇಲೆ ಮೊಕದ್ದಮೆ ಹೂಡುವುದು?

ಪಕ್ಕದ ಮರಾಠಿ ರಂಗಭೂಮಿ ಇದೇ ಉಪಾಯದಲ್ಲಿ ಮುಂದಿತ್ತು. ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರ ‘ಕೀಚಕವಧ’ದಲ್ಲಿ ಪ್ರೇಕ್ಷಕರು ಕೀಚಕನ ವೇಷದೊಳಗೆ ಲಾರ್ಡ್ ಕರ್ಜನ್‌ನನ್ನೇ ಕಂಡರು. ಬ್ರಿಟಿಷ್ ಸರ್ಕಾರ ಅದನ್ನು 1910ರಲ್ಲಿ ನಿಷೇಧಿಸಿತು. ಅದಕ್ಕೆ ಬೇಕಾದ ಆಯುಧ ಮೊದಲೇ ಸಿದ್ಧವಿತ್ತು: ಬಂಗಾಳದ ನೀಲಿ ಬೆಳೆಗಾರರ ಕಥೆ ಹೇಳಿದ ‘ನೀಲದರ್ಪಣ’ ಮೊದಲಾದ ನಾಟಕಗಳಿಂದ ಕಂಗೆಟ್ಟು 1876ರಲ್ಲಿ ತಂದ ನಾಟಕ ಪ್ರದರ್ಶನ ಕಾಯ್ದೆ. ಸ್ವಾತಂತ್ರ್ಯ ಬಂದ ಮೇಲೂ ಅದು ಕೇಂದ್ರದ ಕಾನೂನು ಪುಸ್ತಕದಲ್ಲಿ ಏಳು ದಶಕ ಮಲಗಿತ್ತು, 2018ರಲ್ಲಷ್ಟೇ ರದ್ದಾಯಿತು. ನಾಟಕಕ್ಕೆ ಏನೂ ಮಾಡುವ ಶಕ್ತಿಯಿಲ್ಲವೆಂದಾದರೆ ಸಾಮ್ರಾಜ್ಯವೊಂದು ಅದಕ್ಕಾಗಿಯೇ ಪ್ರತ್ಯೇಕ ಕಾಯ್ದೆ ಏಕೆ ಮಾಡಬೇಕಿತ್ತು ಎಂಬ ವಾದ ಇಲ್ಲಿಂದಲೇ ಹುಟ್ಟುತ್ತದೆ. ವಾದ ಆಕರ್ಷಕ. ಆದರೆ ಪ್ರಭುತ್ವ ಹೆದರಿತು ಎಂಬುದು ನಾಟಕ ಗೆದ್ದಿತು ಎಂಬುದಕ್ಕೆ ಸಾಕ್ಷಿಯಲ್ಲ. ಪ್ರಭುತ್ವಗಳು ಅನೇಕ ವೇಳೆ ಅನಗತ್ಯವಾಗಿಯೂ ಹೆದರುತ್ತವೆ.

ಸಂಸ್ಥಾನದ ತೆಲುಗು ಭಾಗದಲ್ಲಿ ರೈತ ಹೋರಾಟಗಾರರು ಬುರ್ರಕಥೆಯನ್ನು, 1947ರ ‘ಮಾ ಭೂಮಿ’ ನಾಟಕವನ್ನು ಹಳ್ಳಿಹಳ್ಳಿಗೆ ಒಯ್ದರು. ಅಲ್ಲಿ ಹಾಡಿನ ಹಿಂದೆ ಸಂಘವಿತ್ತು, ಸಂಘದ ಹಿಂದೆ ಭೂಮಿಯ ಬೇಡಿಕೆಯಿತ್ತು. ಬಸವಕಲ್ಯಾಣ ಸೀಮೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನಂತೂ ಯಾವ ಭಜನೆಯೂ ತಡೆಯಲಾರದಾಗಿತ್ತು. ಕಲೆಯ ಪ್ರತಿಭಟನೆಗೆ ಎದುರಾಳಿಯಲ್ಲಿ ಒಂದಿಷ್ಟಾದರೂ ನಾಚಿಕೆ ಇರಬೇಕಾಗುತ್ತದೆ. ಬಂದೂಕು ಹಿಡಿದು ಊರಿಗೆ ಮುತ್ತಿಗೆ ಹಾಕಿದವರ ಮುಂದೆ ಅಣಕಕ್ಕೆ ಅರ್ಥವಿಲ್ಲ.

ಸಮುದಾಯ, ಬೆಲ್ಚಿ ಮತ್ತು ಚಿಕ್ಕಮಗಳೂರು

ರಾಜ್ಯದಲ್ಲಿ ಬೀದಿ ನಾಟಕ ಒಂದು ಚಳವಳಿಯ ರೂಪ ತಾಳಿದ್ದು 1975ರಲ್ಲಿ ಆರಂಭವಾದ ‘ಸಮುದಾಯ’ದಿಂದ. ತುರ್ತು ಪರಿಸ್ಥಿತಿಯ ವರ್ಷವದು. ಬಾದಲ್ ಸರ್ಕಾರ್ ಅವರ ಪ್ರಭಾವದಲ್ಲಿ ಕನ್ನಡದ ಯುವ ರಂಗಕರ್ಮಿಗಳು ಪರದೆ, ದೀಪ, ಟಿಕೆಟ್ಟುಗಳನ್ನು ಬಿಟ್ಟು ಬೀದಿಗೆ ಬಂದರು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ದಲಿತರ ಹತ್ಯೆಯನ್ನು ಕುರಿತ ಸಿ.ಜಿ. ಕೃಷ್ಣಸ್ವಾಮಿ ಅವರ ‘ಬೆಲ್ಚಿ’ ಊರೂರು ಸುತ್ತಿತು. ಬಿಹಾರದ ಹೆಸರೂ ಕೇಳದ ಹಳ್ಳಿಗಳಲ್ಲಿ ಜನ ಅದನ್ನು ತಮ್ಮೂರಿನ ಕಥೆಯೆಂದೇ ನೋಡಿದರು. 1979ರ ಜಾಥಾದೊಂದಿಗೆ ಈ ಬಗೆಯ ನಾಟಕ ರಾಜ್ಯದ ಉದ್ದಗಲಕ್ಕೂ ಪರಿಚಿತವಾಯಿತು. ಅದೇ ಕಾಲಕ್ಕೆ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳು ಭಾಷಣಗಳಿಗಿಂತ ಮೊದಲು ಬರುತ್ತಿದ್ದವು, ಭಾಷಣಗಳಿಗಿಂತ ಹೆಚ್ಚು ಕಾಲ ಉಳಿಯುತ್ತಿದ್ದವು.

ಹಾಗಾದರೆ ಮತ? 1978ರ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ ಒಂದು ಪರೀಕ್ಷೆಯಂತೆ ಒದಗಿತು. ಇಂದಿರಾ ಗಾಂಧಿ ಅಭ್ಯರ್ಥಿ. ಎದುರಾಳಿ ವೀರೇಂದ್ರ ಪಾಟೀಲರು, ಇದೇ ಹೈದರಾಬಾದ್ ಕರ್ನಾಟಕದವರು. ‘ಸಮುದಾಯ’ದ ತಂಡಗಳು ಕ್ಷೇತ್ರದಲ್ಲಿ ತುರ್ತು ಪರಿಸ್ಥಿತಿಯ ವಿರುದ್ಧ ಬೀದಿ ನಾಟಕ ಆಡಿದವು. ಜನ ಸೇರಿದರು, ಚಪ್ಪಾಳೆ ತಟ್ಟಿದರು. ಇಂದಿರಾ ಗಾಂಧಿ 70 ಸಾವಿರಕ್ಕೂ ಅಧಿಕ ಮತಗಳ ಅಂತರದಿಂದ ಗೆದ್ದರು. ಚಪ್ಪಾಳೆಗೂ ಮತಕ್ಕೂ ಸಂಬಂಧವಿಲ್ಲವೆಂದು ಇದರಿಂದ ತೀರ್ಮಾನಿಸುವುದು ಆತುರವಾದೀತು. ಆದರೆ ನಾಟಕ ಚುನಾವಣೆ ಗೆಲ್ಲಿಸುತ್ತದೆ ಎಂಬ ಭ್ರಮೆಗೆ ಈ ಫಲಿತಾಂಶ ಸಾಕಷ್ಟು ಮದ್ದು.

ನಾಟಕಕ್ಕಾಗಿ ಪ್ರಾಣ ತೆತ್ತವರೂ ಇದ್ದಾರೆ. 1989ರ ಜನವರಿ 1ರಂದು ದೆಹಲಿ ಸಮೀಪದ ಸಾಹಿಬಾಬಾದ್‌ನ ಝಂಡಾಪುರದಲ್ಲಿ ‘ಹಲ್ಲಾ ಬೋಲ್’ ಆಡುತ್ತಿದ್ದ ಸಫ್ದರ್ ಹಾಶ್ಮಿ ಅವರ ತಂಡದ ಮೇಲೆ ದಾಳಿ ನಡೆಯಿತು. ರಾಮ್ ಬಹಾದ್ದೂರ್ ಎಂಬ ಕಾರ್ಮಿಕ ಕೊಲ್ಲಲ್ಪಟ್ಟರು. ಮರುದಿನ ಹಾಶ್ಮಿ ಅಸುನೀಗಿದರು. ಜನವರಿ 4ರಂದು ಪತ್ನಿ ಮಾಲಾಶ್ರೀ ತಂಡದೊಂದಿಗೆ ಅದೇ ಜಾಗಕ್ಕೆ ಮರಳಿ, ಅರ್ಧಕ್ಕೆ ನಿಂತ ನಾಟಕವನ್ನು ಪೂರ್ತಿಗೊಳಿಸಿದರು. ಹಾಶ್ಮಿ ಅವರ ಜನ್ಮದಿನವಾದ ಏಪ್ರಿಲ್ 12 ಬೀದಿ ನಾಟಕ ದಿನವಾಗಿ ಆಚರಣೆಗೊಳ್ಳುತ್ತಿದೆ.

ಗುಂಡಿಯೊಳಗಿನ ಮೊಸಳೆ

ಇಷ್ಟು ದೊಡ್ಡ ಕಥೆಗಳ ನಡುವೆ, ಕಲೆ ನಿಸ್ಸಂದೇಹವಾಗಿ ಗೆದ್ದ ಒಂದು ಚಿಕ್ಕ ಉದಾಹರಣೆಯನ್ನು ಹೇಳಲೇಬೇಕು. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯ ದೊಡ್ಡ ಗುಂಡಿಯಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಮೊಸಳೆಯ ಪ್ರತಿಕೃತಿಯೊಂದನ್ನು ಇಟ್ಟರು. ಚಿತ್ರ ಎಲ್ಲೆಡೆ ಹರಿದಾಡಿತು, ಗುಂಡಿ ಮುಚ್ಚಿತು. 2019ರ ಸೆಪ್ಟೆಂಬರ್‌ನಲ್ಲಿ ಅವರದೇ ಕಲ್ಪನೆಯ ವಿಡಿಯೊದಲ್ಲಿ ಗಗನಯಾತ್ರಿಯೊಬ್ಬ ಚಂದ್ರನ ಮೇಲೆ ನಡೆಯುತ್ತಿದ್ದ. ಪಕ್ಕದಲ್ಲಿ ಆಟೊ ಹಾದುಹೋದಾಗಷ್ಟೇ ಅದು ಬೆಂಗಳೂರಿನ ರಸ್ತೆಯೆಂದು ತಿಳಿಯುತ್ತಿತ್ತು. ಪಾಲಿಕೆ ಕೂಡಲೇ ದುರಸ್ತಿಗೆ ಮುಂದಾಯಿತು.

ಇಲ್ಲಿ ಯಶಸ್ಸಿನ ಕಾರಣಗಳು ಸ್ಪಷ್ಟ. ಬೇಡಿಕೆ ಒಂದೇ, ಅದೂ ಸಣ್ಣದು. ಯಾರು ಈಡೇರಿಸಬೇಕೆಂಬುದು ಗೊತ್ತು. ಈಡೇರಿಸಿದರೆ ಅವರಿಗೆ ನಷ್ಟವಿಲ್ಲ, ಈಡೇರಿಸದಿದ್ದರೆ ನಗೆಪಾಟಲು. ಪೌರತ್ವ ಕಾಯ್ದೆಯ ವಿಷಯದಲ್ಲಿ ಈ ಯಾವುದೂ ಇರಲಿಲ್ಲ.

ಹುಮನಾಬಾದ್‌ನಂತಹ ತಾಲ್ಲೂಕು ಕೇಂದ್ರಗಳಲ್ಲಿ ನಡೆಯುವ ಪ್ರತಿಭಟನೆಗಳನ್ನು ಈ ಅಳತೆಗೋಲಿನಿಂದ ನೋಡಬೇಕು. ತಹಶೀಲ್ದಾರ್ ಕಚೇರಿಯ ಮುಂದೆ ಖಾಲಿ ಕೊಡಗಳ ಪ್ರದರ್ಶನ, ತಮಟೆ ಚಳವಳಿ, ಅಣಕು ಶವಯಾತ್ರೆ, ಉರುಳು ಸೇವೆ, ರಸ್ತೆಯ ಗುಂಡಿಯಲ್ಲಿ ಸಸಿ ನೆಡುವುದು; ಜಿಲ್ಲಾ ಪುಟಗಳ ಓದುಗರಿಗೆ ಇವು ಹೊಸವಲ್ಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ನಗುವನ್ನೇ ಪ್ರತಿಭಟನೆಯಾಗಿಸಿದ್ದುಂಟು. ವಾಟಾಳ್ ನಾಗರಾಜ್ ಅವರ ಕತ್ತೆಗಳ ಮೆರವಣಿಗೆಯಂತೂ ರಾಜ್ಯದ ಮನೆಮಾತು. ಮೊದಲ ಬಾರಿ ಮಾಡಿದಾಗ ಇವೆಲ್ಲವೂ ಕಣ್ಣು ಸೆಳೆದವು. ಹತ್ತನೆಯ ಬಾರಿಗೆ ಛಾಯಾಗ್ರಾಹಕರಿಗಾಗಿ ಮಾಡುವ ವಿಧಿಯಾದವು. ಪ್ರತಿಕೃತಿ ಸುಡುವ ಮುನ್ನ ‘ಕ್ಯಾಮೆರಾದವರು ಬಂದರೇ’ ಎಂದು ಕೇಳುವುದನ್ನು ಈ ವೃತ್ತಿಯಲ್ಲಿರುವ ಯಾರೂ ಬಲ್ಲರು. ಶವಯಾತ್ರೆ ಮುಗಿದ ಬಳಿಕ ಮನವಿ ಪತ್ರ ಸ್ವೀಕರಿಸುವ ಅಧಿಕಾರಿಗೂ ತನ್ನ ಪಾತ್ರದ ಮಾತು ಬಾಯಿಪಾಠ: ‘ಮೇಲಧಿಕಾರಿಗಳ ಗಮನಕ್ಕೆ ತರುತ್ತೇನೆ.’ ಎರಡೂ ಕಡೆಯವರು ತಮ್ಮ ಪಾತ್ರ ಮುಗಿಸಿ ಮನೆಗೆ ಹೋಗುತ್ತಾರೆ.

ಆದರೆ ಹುಮನಾಬಾದ್ ಒಂದು ಪಾಠವನ್ನೂ ಕಲಿಸುತ್ತದೆ. ಪುಣೆ–ಹೈದರಾಬಾದ್ ಹೆದ್ದಾರಿಯೂ ಬೀದರ್–ಕಲಬುರಗಿ ರಸ್ತೆಯೂ ಸಂಧಿಸುವ ಈ ಊರಿನಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು, ಜೊತೆಗೆ ತಾಂಡಾಗಳ ಲಂಬಾಣಿ ಭಾಷೆ ಒಟ್ಟಿಗೇ ಕೇಳಿಬರುತ್ತವೆ. ಭಾಷಣ ಒಂದು ಭಾಷೆಯಲ್ಲಿರಲೇಬೇಕು. ಹಲಗೆಗೆ, ವೇಷಕ್ಕೆ, ಹೆಗಲ ಮೇಲಿನ ಚಟ್ಟಕ್ಕೆ ಭಾಷೆಯ ಹಂಗಿಲ್ಲ. ಈ ಭಾಗದ ಮೊಹರಂ ಕುಣಿತ, ರಿವಾಯತ್ ಪದಗಳು, ಹಗಲುವೇಷಗಾರರ ಆಟಗಳು ಜಾತಿ ಧರ್ಮಗಳನ್ನು ದಾಟಿ ಜನರನ್ನು ಸೇರಿಸಿದ್ದು, ಪಕ್ಕದ ಮಾಣಿಕನಗರದ ಉತ್ಸವದ ಸಂಗೀತಕ್ಕೆ ಎಲ್ಲ ಮತದವರೂ ಕಿವಿಗೊಟ್ಟದ್ದು ಇದೇ ಬಲದಿಂದ. ಯಾವ ಬೇಡಿಕೆಯೂ ಇಲ್ಲದ ಈ ಕಲೆಗಳು ಹುಟ್ಟಿಸಿದ ಪರಿಚಯವೇ, ಬೇಡಿಕೆ ಹುಟ್ಟಿದ ದಿನ ಜನರನ್ನು ಒಂದೆಡೆ ನಿಲ್ಲಿಸುತ್ತದೆ.

ಹಾಡು ರಾಜ್ಯ ಕಟ್ಟಿತೇ?

ಹುಮನಾಬಾದ್‌ನಿಂದ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟರೆ ಕೆಲವೇ ಹೊತ್ತಿನಲ್ಲಿ ತೆಲಂಗಾಣ. ಹಾಡಿನಿಂದ ರಾಜ್ಯ ಹುಟ್ಟಿತು ಎಂದು ಅಲ್ಲಿನವರು ಅಭಿಮಾನದಿಂದ ಹೇಳುತ್ತಾರೆ. 2023ರ ಆಗಸ್ಟ್‌ನಲ್ಲಿ ನಿಧನರಾದ ಗದ್ದರ್ ಕಂಬಳಿ ಹೊದ್ದು, ಗೆಜ್ಜೆ ಕಟ್ಟಿ ಹಾಡುತ್ತಿದ್ದುದನ್ನು ಗಡಿಯ ಈಚೆಗಿನವರೂ ಮರೆತಿಲ್ಲ. ‘ಧೂಮ್ ಧಾಮ್’ ಹೆಸರಿನ ಹಾಡು ಕುಣಿತಗಳ ಸಭೆಗಳು ಪ್ರತ್ಯೇಕ ರಾಜ್ಯದ ಬೇಡಿಕೆಯನ್ನು ಹಳ್ಳಿಗಳಿಗೆ ಮುಟ್ಟಿಸಿದವು. ಆದರೆ 2014ರ ಜೂನ್ 2ರಂದು ರಾಜ್ಯ ರಚನೆಯಾದದ್ದು ಹಾಡಿನಿಂದಷ್ಟೇ ಅಲ್ಲ. ಚುನಾವಣೆ ಎದುರಿಸುವ ಪಕ್ಷವಿತ್ತು, 2011ರಲ್ಲಿ ನೌಕರರಿಂದ ಗಣಿ ಕಾರ್ಮಿಕರವರೆಗೆ ಎಲ್ಲರೂ ನಡೆಸಿದ 42 ದಿನಗಳ ‘ಸಕಲ ಜನುಲ ಸಮ್ಮೆ’ಯಿತ್ತು. ಬಸ್ಸು ನಿಂತಾಗ, ಕಲ್ಲಿದ್ದಲು ನಿಂತಾಗ ದೆಹಲಿಗೆ ಕೇಳಿಸುತ್ತದೆ; ನಿಲ್ಲಿಸಿದವರು ಸಂಬಳವಿಲ್ಲದ ಆರನೆಯ ವಾರದಲ್ಲೂ ಒಟ್ಟಿಗಿರಲು ಹಾಡು ಬೇಕಾಗುತ್ತದೆ. ಹಾಡಿನ ಕೆಲಸ ಅದು.

ನಮ್ಮದೇ ಕಡೆಯ 371(ಜೆ) ವಿಧಿಯ ಹೋರಾಟಕ್ಕೆ ಅಂತಹ ಹಾಡು ದಕ್ಕಲಿಲ್ಲ. ಮನವಿ, ಬಂದ್, ನಿಯೋಗ, ಸಂಸತ್ತಿನ ಒತ್ತಡಗಳಿಂದಲೇ 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಯಿತು. ಕಲೆಯಿಲ್ಲದೆಯೂ ಹೋರಾಟಗಳು ಗೆಲ್ಲುತ್ತವೆ ಎಂಬುದನ್ನು ಒಪ್ಪಲೇಬೇಕು.

ವಿದೇಶದ ಅನುಭವ ಇದಕ್ಕಿಂತ ಭಿನ್ನವಲ್ಲ. 1976ರಲ್ಲಿ ಅಂದಿನ ಜೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ಸರ್ಕಾರ ‘ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್’ ಎಂಬ ರಾಕ್ ಸಂಗೀತ ತಂಡದವರನ್ನು ಜೈಲಿಗೆ ಹಾಕಿತು. ಅವರು ರಾಜಕೀಯ ಮಾತನಾಡಿದವರೇ ಅಲ್ಲ. ತಮಗಿಷ್ಟದ ಸಂಗೀತ ನುಡಿಸಿದರು, ಅಷ್ಟೆ. ವಿಚಾರಣೆ ನೋಡಲು ಬಂದ ನಾಟಕಕಾರ ವಾಕ್ಲಾವ್ ಹಾವೆಲ್ ಮತ್ತಿತರರು 1977ರ ಜನವರಿಯಲ್ಲಿ ‘ಚಾರ್ಟರ್ 77’ ಎಂಬ ಹಕ್ಕೊತ್ತಾಯ ಹೊರಡಿಸಿದರು. 1989ರ ಡಿಸೆಂಬರ್‌ನಲ್ಲಿ ಹಾವೆಲ್ ದೇಶದ ಅಧ್ಯಕ್ಷರಾದರು. ಸಂಗೀತ ಸರ್ಕಾರವನ್ನು ಉರುಳಿಸಲಿಲ್ಲ. ಸಂಗೀತದ ಮೇಲೆ ಕೈ ಮಾಡಿದ ಸರ್ಕಾರ, ಅದುವರೆಗೆ ಒಬ್ಬರನ್ನೊಬ್ಬರು ಅರಿಯದಿದ್ದ ವಿರೋಧಿಗಳನ್ನು ಒಂದೇ ನ್ಯಾಯಾಲಯದ ಓಣಿಯಲ್ಲಿ ಪರಿಚಯಿಸಿತು. ಕೊಪ್ಪಳದ ಕವಿಯೊಬ್ಬರು 2020ರ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಓದಿದ ಕವಿತೆಯೂ ಹೀಗೆಯೇ ಬೆಳೆಯಿತು. ಗೋಷ್ಠಿಗೆ ಬಂದವರಷ್ಟೇ ಕೇಳಿ ಮರೆಯಬಹುದಾಗಿದ್ದ ಅದು, ಕವಿಯ ಬಂಧನದ ಬಳಿಕ ಹಲವು ಭಾಷೆಗಳಿಗೆ ಅನುವಾದವಾಯಿತು.

ಅಳೆಯುವ ಪ್ರಯತ್ನವೂ ನಡೆದಿದೆ. 2018ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಸೇತುವೆಯೊಂದರ ಮೇಲೆ ಸಂಶೋಧಕರು ಒಂದೇ ವಿಷಯವನ್ನು ಎರಡು ರೀತಿಯಲ್ಲಿ ಪ್ರಚಾರ ಮಾಡಿಸಿದರು: ಕರಪತ್ರ, ಭಾಷಣಗಳ ರೂಢಿಯ ಕ್ರಮ ಒಂದು, ವೇಷ ವಿನೋದಗಳ ಕಲಾತ್ಮಕ ಕ್ರಮ ಇನ್ನೊಂದು. ದಾರಿಹೋಕರ ಗಮನ ಸೆಳೆಯುವಲ್ಲಿ, ನೆನಪಿನಲ್ಲಿ ಉಳಿಯುವಲ್ಲಿ ಎರಡನೆಯದು ಮುಂದಿತ್ತು. ಗಮನ, ನೆನಪುಗಳ ಆಚೆಗೆ ಕಾನೂನು ಬದಲಾಗುವುದನ್ನು ಸೇತುವೆಯ ಮೇಲೆ ನಿಂತು ಅಳೆಯಲಾಗದು.

ತಂಡವನ್ನು ಸರ್ಕಾರವೇ ಕರೆದಾಗ

ಬೀದಿ ನಾಟಕದ ಹರಿತ ಮೊಂಡಾಗಲು ಪೊಲೀಸರಿಗಿಂತ ದೊಡ್ಡ ಕಾರಣ ಇನ್ನೊಂದಿದೆ. 1990ರ ಆಸುಪಾಸಿನಲ್ಲಿ ಸಾಕ್ಷರತಾ ಆಂದೋಲನ ಕಲಾಜಾಥಾಗಳನ್ನು ಹಳ್ಳಿಗಳಿಗೆ ತಂದಿತು. ಒಳ್ಳೆಯ ಕೆಲಸವೇ. ಅದರ ಹಿಂದೆಯೇ ಇಲಾಖೆಗಳು ಈ ಮಾಧ್ಯಮದ ಗುಟ್ಟನ್ನು ಅರಿತವು. ಇಂದು ಅನೇಕ ಕಲಾತಂಡಗಳ ಜೀವನೋಪಾಯ ನಡೆಯುವುದು ಸರ್ಕಾರದ ಯೋಜನೆಗಳು, ಶೌಚಾಲಯ, ಲಸಿಕೆ, ಮತದಾನ ಜಾಗೃತಿ ಇತ್ಯಾದಿಗಳ ಬೀದಿ ನಾಟಕದಿಂದ. ಅದೇ ಹಲಗೆ, ಅದೇ ವೃತ್ತಾಕಾರ, ಅದೇ ಕೂಗು. ಮಾತು ಮಾತ್ರ ಇಲಾಖೆಯದು. ಬೆಳಿಗ್ಗೆ ಯೋಜನೆಯನ್ನು ಹೊಗಳಿದ ತಂಡ ಸಂಜೆ ಅದೇ ಯೋಜನೆಯ ಹಣ ಬಾರದ್ದನ್ನು ಹೇಳಲು ಹೊರಟರೆ, ಮುಂದಿನ ವರ್ಷದ ಪಟ್ಟಿಯಲ್ಲಿ ತನ್ನ ಹೆಸರಿರುವುದೇ ಎಂದು ಯೋಚಿಸಲೇಬೇಕಾಗುತ್ತದೆ. ಹೊಟ್ಟೆಪಾಡಿನ ಕಲಾವಿದರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ.

ಇದಕ್ಕೆ ಹೊರತಾದ ಪ್ರಯತ್ನಗಳೂ ಇವೆ. 2019ರ ಆಗಸ್ಟ್‌ನಲ್ಲಿ ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ನೇತೃತ್ವದ ‘ಮತ್ತೆ ಕಲ್ಯಾಣ’ ಅಭಿಯಾನ ತರೀಕೆರೆಯಿಂದ ಹೊರಟು ಜಿಲ್ಲೆಗಳನ್ನು ಹಾದು ತಿಂಗಳ ಕೊನೆಗೆ ಬಸವಕಲ್ಯಾಣ ತಲುಪಿತು. ಹಗಲು ವಿದ್ಯಾರ್ಥಿಗಳೊಂದಿಗೆ ಸಂವಾದ, ಸಂಜೆ ಸಭೆ ಮತ್ತು ‘ಶಿವಸಂಚಾರ’ ಕಲಾವಿದರ ನಾಟಕ. ಯಾವ ಕಾನೂನನ್ನೂ ಅದು ಬದಲಿಸಲು ಹೊರಟಿರಲಿಲ್ಲ. ನಾಟಕ ನೋಡಿದ ಮೇಲೆ ಪ್ರಶ್ನೆ ಕೇಳಬಹುದು ಎಂಬ ಅಭ್ಯಾಸವನ್ನು ಬಿತ್ತಿತು.

ಬೆಲೆ ತೆರುವವರು ಯಾರು?

ಮತ್ತೆ ಶಾಹೀನ್ ಶಾಲೆಯ ಪ್ರಕರಣಕ್ಕೆ ಬರೋಣ. ಪ್ರಕರಣ ರದ್ದುಪಡಿಸಿದ ಹೈಕೋರ್ಟ್, ಪ್ರಧಾನಿಯ ಕುರಿತ ಮಾತು ಅವಹೇಳನಕಾರಿ ಹಾಗೂ ಬೇಜವಾಬ್ದಾರಿಯದು ಎಂದೂ ಹೇಳಿತು. ಸರ್ಕಾರದ ನೀತಿಗಳನ್ನು ಟೀಕಿಸುವ ನಾಟಕಗಳಿಂದ ಶಾಲೆಗಳು ಮಕ್ಕಳನ್ನು ದೂರವಿರಿಸಬೇಕು, ಕಲಿಕೆಗೆ ಒದಗುವ ವಿಷಯಗಳನ್ನು ಆರಿಸಬೇಕು ಎಂಬ ಸಲಹೆಯನ್ನೂ ನೀಡಿತು. ಈ ಸಲಹೆಯನ್ನು ಎರಡು ಬಗೆಯಲ್ಲಿ ಓದಬಹುದು. ತಮಗೆ ಪೂರ್ತಿ ಅರ್ಥವಾಗದ ಮಾತನ್ನು ಮಕ್ಕಳ ಬಾಯಲ್ಲಿ ಆಡಿಸಿ, ಅದರ ಬೆಲೆಯನ್ನು ಅವರಿಂದ ತೆರಿಸಬಾರದು ಎಂಬುದು ಒಂದು. ಇದನ್ನು ಈ ವರದಿಗಾರ ಒಪ್ಪುತ್ತಾನೆ. ಆಯ್ಕೆ ಮಾಡಿಕೊಂಡು ಬೀದಿಗಿಳಿದ ಹಾಶ್ಮಿ ಬೇರೆ, ಹೇಳಿಕೊಟ್ಟ ಮಾತನ್ನು ಒಪ್ಪಿಸಿದ ಹತ್ತು ಹನ್ನೊಂದರ ಬಾಲಕಿ ಬೇರೆ. ಶಾಲೆಯ ನಾಟಕದಲ್ಲಿ ಸರ್ಕಾರವನ್ನು ಹೊಗಳಬಹುದು, ಟೀಕಿಸಬಾರದು ಎಂಬುದು ಇನ್ನೊಂದು ಓದು. ಸ್ವಾತಂತ್ರ್ಯ ದಿನಾಚರಣೆಯಲ್ಲಿ ಸರ್ಕಾರಿ ಯೋಜನೆಗಳ ಗುಣಗಾನದ ರೂಪಕಗಳನ್ನು ಮಕ್ಕಳಿಂದ ಆಡಿಸುವುದು ರಾಜಕೀಯವಲ್ಲವೆಂದು ನಂಬಿರುವ ನಾವು ಈ ಎರಡನೆಯ ಓದಿನ ಕಡೆಗೇ ಜಾರುವ ಅಪಾಯ ಹೆಚ್ಚು.

ಪ್ರಭುತ್ವದ ಪ್ರತಿಕ್ರಿಯೆ ಆ ನಾಟಕವನ್ನು ಶಾಲೆಯ ಗೋಡೆಯಾಚೆಗೆ, ದೇಶದಾಚೆಗೂ ಒಯ್ದಿತೆಂಬುದು ನಿಜ. ದೂರು ದಾಖಲಾಗದಿದ್ದರೆ ಅದರ ಹೆಸರು ಹುಮನಾಬಾದ್‌ಗೂ ತಲುಪುತ್ತಿರಲಿಲ್ಲ. ಪರಿಣಾಮದ ಲೆಕ್ಕದಲ್ಲಿ ಇದನ್ನು ಯಶಸ್ಸೆಂದು ಬರೆಯುವವರಿದ್ದಾರೆ. ಆ ಯಶಸ್ಸಿಗಾಗಿ ಒಬ್ಬ ಶಿಕ್ಷಕಿ, ಒಬ್ಬ ತಾಯಿ ಜೈಲಿನಲ್ಲಿದ್ದರು. ಮಕ್ಕಳು ಪೊಲೀಸರ ಪ್ರಶ್ನೆಗಳಿಗೆ ಉತ್ತರಿಸಿದರು. ಇವರಲ್ಲಿ ಯಾರೂ ಆ ಯಶಸ್ಸನ್ನು ಕೇಳಿರಲಿಲ್ಲ.

ಕಾನೂನಿನ ಸ್ಥಿತಿ ಈಗ ಹೀಗಿದೆ. ಹಿಂಸೆಗೆ ಪ್ರಚೋದನೆ ಇದ್ದಾಗ ಮಾತ್ರ ರಾಜದ್ರೋಹ ಎಂದು ಸುಪ್ರೀಂ ಕೋರ್ಟ್ 1962ರ ಕೇದಾರನಾಥ ಸಿಂಗ್ ಪ್ರಕರಣದಲ್ಲೇ ಹೇಳಿತ್ತು. 2022ರ ಮೇ 11ರಂದು 124ಎ ಕಲಮಿನ ಬಳಕೆಯನ್ನೇ ತಡೆಹಿಡಿಯಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ‘ರಾಜದ್ರೋಹ’ ಎಂಬ ಪದ ಹೋಯಿತು. ದೇಶದ ಸಾರ್ವಭೌಮತೆ, ಏಕತೆಗಳಿಗೆ ಧಕ್ಕೆ ತರುವ ಕೃತ್ಯಗಳ 152ನೆಯ ಕಲಮು ಬಂತು. ಅದರಲ್ಲಿ ಮಾತು, ಬರಹ, ಸಂಜ್ಞೆ, ಕಣ್ಣಿಗೆ ಕಾಣುವ ನಿರೂಪಣೆ, ವಿದ್ಯುನ್ಮಾನ ಸಂವಹನ ಎಲ್ಲವೂ ಸೇರಿವೆ. ವೇದಿಕೆಯ ಮೇಲೂ, ಅದರ ವಿಡಿಯೊದಲ್ಲೂ ಇರುವುದು ಇವೇ.

ಬಸವಕಲ್ಯಾಣದಲ್ಲಿ 2021ರ ಜನವರಿ 6ರಂದು ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಅಂದಾಜು ವೆಚ್ಚ 500 ಕೋಟಿ ರೂಪಾಯಿ. ಆ ದಿನಕ್ಕೆ, ಬೀದರ್ ಶಾಲೆಯ ಮಕ್ಕಳ ನಾಟಕದ ಪ್ರಕರಣ ಇನ್ನೂ ಜೀವಂತವಾಗಿತ್ತು.